ಹಳೆಯ ಟ್ರ್ಯಾಕ್ಟರಿಗೆ ಹೊಲದ ಹತ್ಯಾರವೇ ಆಸರೆ

ಬೆಂಗಳೂರಿನಲ್ಲಿ 1953ರಲ್ಲಿ ಸ್ಥಾಪನೆಗೊಂಡ ಎಚ್‌ಎಂಟಿ ಸಂಸ್ಥೆಯು 1971ರಲ್ಲಿ ಹರಿಯಾಣದ ಪಿಂಜೋರ್ ಘಟಕದಲ್ಲಿ, ಚೆಕೊಸ್ಲೊವಾಕಿಯಾದ ಜೆಟರ್ ತಂತ್ರಜ್ಞಾನದ ನೆರವಿನಿಂದ 25 ಅಶ್ವಶಕ್ತಿಯ ಟ್ರ್ಯಾಕ್ಟರುಗಳ ತಯಾರಿಕೆಯನ್ನು ಆರಂಭಿಸಿತು. 2016ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರವು ಈ ವಿಭಾಗವನ್ನು ಮುಚ್ಚಲು ಒಪ್ಪಿಗೆ ನೀಡಿತು. ಕಾರ್ಖಾನೆ ಮುಚ್ಚಿದರೂ ಹೊಲದಲ್ಲಿರುವ ಯಂತ್ರ ದುಡಿಯಲೇಬೇಕು. ಅದನ್ನು ನಡೆಸುವ ಹೊಣೆ ರೈತ, ಮೆಕ್ಯಾನಿಕ್ ಹಾಗೂ ಬಿಡಿಭಾಗದ ವ್ಯಾಪಾರಿಯ ಹೆಗಲೇರುತ್ತದೆ.

ಬಿತ್ತನೆಯ ಹದದಲ್ಲಿ ಟ್ರ್ಯಾಕ್ಟರು ಕೆಟ್ಟು ನಿಂತರೆ, ನಂಜನಗೂಡು ಅಥವಾ ತಿ. ನರಸೀಪುರದ ಹಳ್ಳಿಯಿಂದ ಅದನ್ನು ಮೈಸೂರಿಗೆ ಸಾಗಿಸಲು ಹಣವೂ ದಿನವೂ ವ್ಯಯವಾಗುತ್ತವೆ. ಇಂಥ ವೇಳೆ ಕೈಗೆಟಕುವ ಉಪಕರಣಗಳೇ ನೆರವಿಗೆ ಬರುತ್ತವೆ. ಹಾರೆಯು ಸನ್ನೆಗೋಲಾಗುತ್ತದೆ. ಮರದ ಕೊಡತಿಯು ಎರಕದ ಕವಚಕ್ಕೆ ಬಿರುಕು ಬಾರದಂತೆ ಅದನ್ನು ಸಡಿಲಿಸುತ್ತದೆ. 1 ಅಡಿಯ ಸ್ಪ್ಯಾನರಿಗೆ ಪೈಪು ತೊಡಿಸಿ ಉದ್ದವನ್ನು 3 ಅಡಿಗೇರಿಸಿದರೆ ಅದೇ ಬಲಕ್ಕೆ ಮೂರು ಪಟ್ಟು ತಿರುಚುಶಕ್ತಿ ದೊರೆಯುತ್ತದೆ. ಡೀಸೆಲ್ ನಾಳದಲ್ಲಿ ಗಾಳಿ ಸೇರಿದ್ದರೆ ತಿರುಪು ಸಡಿಲಿಸಿ, ಗುಳ್ಳೆ ನಿಲ್ಲುವವರೆಗೆ ಕೈಪಂಪು ಒತ್ತಿದರೆ ಸಾಕು.

ಆದರೆ ಈ ಜಾಣ್ಮೆಗೂ ಎಲ್ಲೆಯುಂಟು. ಜಾಕಿನ ಮೇಲೆ ನಿಂತ ಗಾಡಿಗೆ ಗಟ್ಟಿ ದಿಮ್ಮಿಗಳ ಆಧಾರ ಕೊಡದೆ ಅದರಡಿ ನುಸುಳುವುದು ಪ್ರಾಣಾಪಾಯಕರ. ಬದಲಿ ಹತ್ಯಾರದಿಂದ ಕೆಲಸ ತಡವಾಗಬಹುದು. ಬದಲಿ ಭಾಗದಿಂದ ಯಂತ್ರವೇ ಮುರಿಯಬಹುದು. 8.8 ದರ್ಜೆಯ ಬೋಲ್ಟಿನ ಜಾಗದಲ್ಲಿ 4.6 ದರ್ಜೆಯದನ್ನು ಹಾಕಿದರೆ ಅದರ ಕರ್ಷಣಬಲ ಅರ್ಧದಷ್ಟು ಮಾತ್ರ.

ಇಲ್ಲಿಯೇ ಮೈಸೂರಿನ ಸಣ್ಣ ಉದ್ದಿಮೆದಾರರಿಗೆ ಅವಕಾಶವಿದೆ. ಹೆಬ್ಬಾಳ, ಮೇಟಗಳ್ಳಿಯಂಥ ಪ್ರದೇಶಗಳ ಲೇತ್ ಘಟಕಗಳು ಹಳೆಯ ಮಾದರಿಗಳಿಗೆ ಬೇಕಾದ ಬುಷ್, ಪಿನ್ನುಗಳನ್ನು ತಯಾರಿಸಿ, ಅಳತೆ ಮತ್ತು ಲೋಹದ ದರ್ಜೆಯನ್ನು ಬಿಲ್ಲಿನಲ್ಲಿಯೇ ನಮೂದಿಸಿದರೆ ಗ್ರಾಹಕರ ವಿಶ್ವಾಸ ಗಟ್ಟಿಯಾಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಟೈರು ಹಾಗೂ ಹಲವು ಬಿಡಿಭಾಗಗಳ ಮೇಲಿನ ಜಿಎಸ್‌ಟಿಯನ್ನು ಶೇ. 18ರಿಂದ ಶೇ. 5ಕ್ಕೆ ಇಳಿಸಲಾಗಿದೆ. ಪ್ರತಿ ಭಾಗಕ್ಕೆ ಅನ್ವಯಿಸುವ ದರವನ್ನು ಪರಿಶೀಲಿಸಿಯೇ ಬಿಲ್ಲು ಬರೆಯಬೇಕು.

ಟ್ರ್ಯಾಕ್ಟರನ್ನು ಬಾಡಿಗೆಗೆ ಓಡಿಸುವವರು ಲೆಕ್ಕಪತ್ರದಲ್ಲಿಯೂ ಎಚ್ಚರ ವಹಿಸಬೇಕು. 1961ರ ಆದಾಯ ತೆರಿಗೆ ಕಾಯಿದೆಯ 31ನೆಯ ಸೆಕ್ಷನ್ನಿನ 'ಚಾಲ್ತಿ ದುರಸ್ತಿ'ಯ ಅರ್ಥವನ್ನು ಸರ್ವೋಚ್ಚ ನ್ಯಾಯಾಲಯವು 2007ರ ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ವಿವರಿಸಿತು. ಇರುವ ಆಸ್ತಿಯನ್ನು ಸುಸ್ಥಿತಿಯಲ್ಲಿಡುವ ವೆಚ್ಚ ದುರಸ್ತಿಯೆನಿಸುತ್ತದೆ. ಹೊಸ ಆಸ್ತಿಯನ್ನೇ ತರುವ ವೆಚ್ಚ ಹಾಗಲ್ಲ. ಆದ್ದರಿಂದ ಬುಷ್ ಬದಲಾವಣೆಯ ಬಿಲ್ಲನ್ನೂ ಇಡೀ ಯಂತ್ರದ ಬದಲಾವಣೆಯ ಬಿಲ್ಲನ್ನೂ ಒಂದೇ ಖಾತೆಗೆ ಸೇರಿಸದಿರುವುದು ಲೇಸು.