ಜೀಪಿನ ಹಿಂದಿನ ಪಟ್ಟಾ ಎತ್ತರಿಸುವ ಮೊದಲು ಟೇಪು ಹಿಡೀರಿ

ತೊಗರಿ ರಾಶಿ ಹತ್ತಿರ ಬಂತಂದ್ರೆ ಸೇಡಂ, ಚಿತ್ತಾಪುರ ಕಡೆಯ ಹುಡುಗರಿಂದ ನನಗೆ ಒಂದೇ ಪ್ರಶ್ನೆ ಹೆಚ್ಚು ಬರುತ್ತದೆ: "ಅಣ್ಣಾ, ನಮ್ಮ ಜೀಪು ಹಿಂದ ಕುಂತದ. ಎರಡು ಇಂಚು ಎತ್ತಿಸಬೇಕಂತೀನಿ, ಏನ್ ಹಾಕಸ್ಲಿ?" ಹಳೆಯ ಮಹೀಂದ್ರಾ ಜೀಪಿರಲಿ, ಬೊಲೆರೊ ಇರಲಿ, ಪಿಕಪ್ ಇರಲಿ, ಹಿಂಭಾಗದಲ್ಲಿ ಇರುವುದು ಕಮಾನ್ ಪಟ್ಟಾ, ಅಂದರೆ ಲೀಫ್ ಸ್ಪ್ರಿಂಗ್. ಎತ್ತರಿಸುವುದು ಕಷ್ಟದ ಕೆಲಸವಲ್ಲ. ಆದರೆ ಎತ್ತರಿಸಿದಾಗ ಬ್ರೇಕು, ಶಾಫ್ಟು, ಗಾಡಿಯ ತೂಕ ನಿಲ್ಲುವ ರೀತಿ ಎಲ್ಲವೂ ಬದಲಾಗುತ್ತವೆ. ಅದೇ ಗಾಡಿಯಲ್ಲಿ ನಾವು ಮನೆಯವರನ್ನು, ಕೂಲಿಯವರನ್ನು ಕೂರಿಸಿಕೊಂಡು ಹೋಗುತ್ತೇವೆ. ಅದಕ್ಕೇ ಈ ವಾರ ಇದನ್ನೇ ಬರೆಯುತ್ತಿದ್ದೇನೆ.

ಏನು ಎತ್ತರ ಆಗುತ್ತೆ, ಏನು ಆಗಲ್ಲ

ಪಟ್ಟಾ ಎತ್ತರಿಸಿದರೆ ಚಾಸಿ ಮತ್ತು ಬಾಡಿ ಮೇಲೇಳುತ್ತವೆ. ಆಕ್ಸಲ್ ಮಾತ್ರ ಇದ್ದಲ್ಲೇ ಇರುತ್ತದೆ. ಆಕ್ಸಲ್ ನಡುವಿನ ಡಿಫರೆನ್ಸಿಯಲ್ ಗುಂಡು ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಅಷ್ಟೇ ಉಳಿಯುತ್ತದೆ. ನಮ್ಮ ಎರೆಹೊಲದ ದಾರಿಯಲ್ಲಿ ಟ್ರ್ಯಾಕ್ಟರ್ ಹೋಗಿ ಎರಡು ಕಡೆ ತಗ್ಗು ಬಿದ್ದಿರುತ್ತೆ, ನಡುವೆ ದಿಬ್ಬ ಉಳಿದಿರುತ್ತೆ. ಆ ದಿಬ್ಬಕ್ಕೆ ಮೊದಲು ತಾಗುವುದು ಈ ಗುಂಡೇ. ನಿಮ್ಮ ಗಾಡಿ ಹೀಗೆ ಸಿಕ್ಕಿಬೀಳುತ್ತಿದ್ದರೆ ಪಟ್ಟಾ ಎತ್ತಿಸಿ ಉಪಯೋಗವಿಲ್ಲ.

ಹಿಂದಿನ ಬಂಪರ್ ತಗ್ಗಿಗೆ ಬಡಿಯುತ್ತಿದ್ದರೆ, ಭಾರ ಹೇರಿದಾಗ ಟೈರ್ ಮಡ್‌ಗಾರ್ಡಿಗೆ ಉಜ್ಜುತ್ತಿದ್ದರೆ, ಶಹಾಬಾದ್, ವಾಡಿ ಕಡೆಯ ಕಲ್ಲುಗಣಿ ದಾರಿಯಲ್ಲಿ ಚಾಸಿ ತಾಗುತ್ತಿದ್ದರೆ, ಆಗ ಈ ಕೆಲಸಕ್ಕೆ ಅರ್ಥವಿದೆ.

ಮೊದಲು ಅಳತೆ

ಗಾಡಿ ಖಾಲಿ ಮಾಡಿ ಸಮನಾದ ನೆಲದ ಮೇಲೆ ನಿಲ್ಲಿಸಿ. ನಾಲ್ಕೂ ಟೈರಿನಲ್ಲಿ ಸರಿಯಾದ ಗಾಳಿ ಇರಲಿ. ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಟೇಪು ಹಿಡಿದು ಅಳೆದು, ನಾಲ್ಕೂ ಕಡೆ ಫೋಟೋ ತೆಗೆದಿಡಿ. ನಂತರ ನಿಮ್ಮ ದಿನದ ಭಾರ ಹೇರಿ ಮತ್ತೆ ಅಳೆಯಿರಿ. 50 ಕೆಜಿಯ 10 ಚೀಲ ಅಂದರೆ 5 ಕ್ವಿಂಟಲ್. ಅಂದಾಜು ಬೇಡ, ವೇಬ್ರಿಜ್ ಮೇಲೆ ಒಮ್ಮೆ ತೂಕ ಮಾಡಿಸಿ ಆರ್‌ಸಿಯಲ್ಲಿರುವ ತೂಕದ ಜೊತೆ ಹೋಲಿಸಿ.

ಒಂದು ಕಡೆ ಹೆಚ್ಚು ಕುಂತಿದ್ದರೆ ಅದು ಎತ್ತರದ ಸಮಸ್ಯೆ ಅಲ್ಲ, ರಿಪೇರಿ ಸಮಸ್ಯೆ. ಪಟ್ಟಾ ತೊಳೆದು ನೋಡ್ರಿ. ಸೆಂಟರ್ ಬೋಲ್ಟಿನ ತೂತಿನ ಹತ್ತಿರ ಬಿರುಕು, ಸವೆದ ಬುಶ್, ಬಿಗಿಯಾಗಿ ಹಿಡಿದ ಶ್ಯಾಕಲ್, ಪಟ್ಟಿಗಳ ನಡುವೆ ಗಟ್ಟಿಯಾದ ಎರೆಮಣ್ಣು, ಇವೇ ಸಿಗುತ್ತವೆ. ನಾನು ನೋಡಿದ ಬಹಳಷ್ಟು ಗಾಡಿಗಳಿಗೆ ಲಿಫ್ಟ್ ಬೇಕಾಗಿರಲಿಲ್ಲ, ಹೊಸ ಪಟ್ಟಾ ಮತ್ತು ಬುಶ್ ಸಾಕಾಗಿತ್ತು.

ನಾಲ್ಕು ದಾರಿಗಳು

1. ಹೊಸ ಪಟ್ಟಾ ಸೆಟ್ ಅಥವಾ ಹಳೆಯದಕ್ಕೆ ಬಾಗು ಕೊಡಿಸುವುದು. ಗಾಡಿ ಮೂಲ ಎತ್ತರಕ್ಕೆ ಬರುತ್ತದೆ. ಬಿರುಕಿದ್ದ ಪಟ್ಟಿಗೆ ಬಾಗು ಕೊಡಿಸಬೇಡಿ, ವೆಲ್ಡಿಂಗ್ ಅಂತೂ ಬೇಡವೇ ಬೇಡ. ಬೆಂಕಿಗೆ ಹಿಡಿದು ಸರಿಯಾಗಿ ಹದ ಕೊಡದಿದ್ದರೆ ಉಕ್ಕಿನ ಬಿಗಿ ಹೋಗಿ ಮತ್ತೆ ಕೂರುತ್ತದೆ.

2. ಒಂದು ಪಟ್ಟಿ ಹೆಚ್ಚು ಹಾಕುವುದು. ಭಾರದಲ್ಲಿ ಕಡಿಮೆ ಕೂರುತ್ತದೆ, ಖಾಲಿ ಗಾಡಿ ಮಾತ್ರ ಕುದುರೆ ಹಾಗೆ ಜಿಗಿಯುತ್ತದೆ. ಪಟ್ಟಿ ಹೆಚ್ಚಾಯ್ತು ಅಂತ ಆಕ್ಸಲ್, ಟೈರ್, ಬ್ರೇಕಿನ ಶಕ್ತಿ ಹೆಚ್ಚಾಗಲ್ಲ. ಹೇರುವ ತೂಕ ಮೊದಲಿನದೇ ಇರಬೇಕು.

3. ಉದ್ದ ಶ್ಯಾಕಲ್. ಶ್ಯಾಕಲ್ 2 ಇಂಚು ಉದ್ದವಾದರೆ ಗಾಡಿ ಏಳುವುದು ಸುಮಾರು 1 ಇಂಚು ಮಾತ್ರ, ಯಾಕಂದರೆ ಪಟ್ಟಾದ ಒಂದೇ ತುದಿ ಇಳಿಯುತ್ತದೆ. ಇದರಿಂದ ಆಕ್ಸಲ್ ಕೂಡ ಸ್ವಲ್ಪ ತಿರುಗುತ್ತದೆ.

4. ಆಕ್ಸಲ್ ಮತ್ತು ಪಟ್ಟಾ ನಡುವೆ ಬ್ಲಾಕ್. ಆಕ್ಸಲ್ ಮೇಲೆ ಪಟ್ಟಾ ಕೂತಿರುವ ಗಾಡಿಗೆ ಮಾತ್ರ ಇದು ಆಗುತ್ತೆ. 2 ಇಂಚಿನ ಬ್ಲಾಕಿಗೆ 2 ಇಂಚು ಎತ್ತರ. ಒಂದರ ಮೇಲೊಂದು ಬ್ಲಾಕ್ ಇಡಬೇಡಿ, ಕಟ್ಟಿಗೆ ತುಂಡು ಇಡಬೇಡಿ, ಮುಂದಿನ ಆಕ್ಸಲಿಗೆ ಬ್ಲಾಕ್ ಹಾಕಬೇಡಿ. ಅಳತೆಗೆ ಸರಿಯಾದ ಹೊಸ ಯು ಬೋಲ್ಟ್ ಬೇಕೇ ಬೇಕು.

ಎತ್ತಿದ ಮೇಲೆ ಇವನ್ನು ಬಿಡಬೇಡಿ

ಬ್ರೇಕಿನ ರಬ್ಬರ್ ಪೈಪ್: ಚಾಸಿಯನ್ನು ಜಾಕಿನಿಂದ ಎತ್ತಿ ಆಕ್ಸಲ್ ಪೂರ್ತಿ ಕೆಳಗೆ ಜೋತುಬಿದ್ದಾಗಲೂ ಪೈಪ್ ಬಿಗಿಯಾಗಬಾರದು. ಹ್ಯಾಂಡ್‌ಬ್ರೇಕ್ ಕೇಬಲ್, ಶಾಕ್ ಅಬ್ಸಾರ್ಬರ್ ಸಹ ಹಾಗೇ ನೋಡಿ.

ಬ್ರೇಕಿನ ಲೋಡ್ ವಾಲ್ವ್: ಹಲವು ಪಿಕಪ್‌ಗಳಲ್ಲಿ ಚಾಸಿಯಿಂದ ಹಿಂದಿನ ಆಕ್ಸಲಿಗೆ ಸಣ್ಣ ಕಡ್ಡಿ ಅಥವಾ ಸ್ಪ್ರಿಂಗ್ ಜೋಡಿಸಿದ ವಾಲ್ವ್ ಇರುತ್ತೆ. ಗಾಡಿ ಎಷ್ಟು ಕೂತಿದೆ ಅನ್ನುವುದರ ಮೇಲೆ ಅದು ಭಾರ ಅಳೆದು ಹಿಂದಿನ ಬ್ರೇಕಿಗೆ ಒತ್ತಡ ಕೊಡುತ್ತದೆ. ಎತ್ತರಿಸಿದಾಗ ಅದಕ್ಕೆ "ಗಾಡಿ ಖಾಲಿ ಅದ" ಅನ್ನಿಸುತ್ತದೆ, ಹಿಂದಿನ ಬ್ರೇಕ್ ಕಡಿಮೆ ಮಾಡುತ್ತದೆ. ತೊಗರಿ ಚೀಲ ತುಂಬಿಕೊಂಡು ಇಳಿಜಾರಿನಲ್ಲಿ ಬರುವಾಗ ಇದು ಪ್ರಾಣಕ್ಕೆ ಬರುತ್ತದೆ. ಮೆಕ್ಯಾನಿಕ್‌ಗೆ ಕೇಳಿ, ವಾಲ್ವ್ ಮತ್ತೆ ಹೊಂದಿಸದೆ ಗಾಡಿ ಹೊರಗೆ ತರಬೇಡಿ.

ಪ್ರೊಪೆಲ್ಲರ್ ಶಾಫ್ಟ್: ಶಾಫ್ಟಿನ ಕೋನ ಹೆಚ್ಚಾದರೆ ಕ್ರಾಸ್ ಬೇಗ ಸವೆಯುತ್ತದೆ, ಗಾಡಿ ನಡುಗುತ್ತದೆ. ಮೊಬೈಲಿನಲ್ಲಿ ಮಟ್ಟ ನೋಡುವ ಆ್ಯಪ್ ಇರುತ್ತಲ್ಲ, ಅದನ್ನು ಶಾಫ್ಟಿಗೆ ತಾಗಿಸಿ ಕೆಲಸಕ್ಕೆ ಮೊದಲು ಮತ್ತು ನಂತರ ಕೋನ ಬರೆದಿಟ್ಟುಕೊಳ್ಳಿ.

ಹೆಡ್‌ಲೈಟ್: ಹಿಂದೆ ಎದ್ದರೆ ಮುಂದಿನ ಬೆಳಕು ನೆಲಕ್ಕೆ ಬಾಗುತ್ತದೆ. ಸರಿ ಮಾಡಿಸಿ.

ಯು ಬೋಲ್ಟ್‌ಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಸುಮಾರು 100 ಕಿಮೀ ಓಡಿಸಿದ ಮೇಲೆ ಮತ್ತೊಮ್ಮೆ ಬಿಗಿಸಿ.

ಮನೆಯಲ್ಲೇ ಮಾಡುವವರಿಗೆ

ಜಾಕಿನ ಮೇಲೆ ಮಾತ್ರ ನಿಂತ ಗಾಡಿಯ ಕೆಳಗೆ ಹೋಗಬೇಡಿ. ನಮ್ಮ ಕಡೆ ಕೈಗೆ ಸಿಗುವುದು ಶಹಾಬಾದ್ ಫರ್ಸಿ, ಅದನ್ನೇ ಪೇರಿಸಿ ಆಧಾರ ಕೊಡುವವರಿದ್ದಾರೆ. ಅದು ಪದರು ಪದರಾಗಿ ಸೀಳುವ ಕಲ್ಲು. ಹಾಸಲು ಚೆಂದ, ಜೀಪು ಹೊರಲು ಅಲ್ಲ. ಕಬ್ಬಿಣದ ಸ್ಟ್ಯಾಂಡ್ ಇಡಿ, ಮುಂದಿನ ಚಕ್ರಕ್ಕೆ ಅಡ್ಡ ಕೊಡಿ.

ಕಾನೂನು ಏನನ್ನುತ್ತೆ

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ. 2019ರ ತಿದ್ದುಪಡಿಯಲ್ಲಿ, ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ 6 ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತ ಇದೆ. ಸವೆದ ಪಟ್ಟಾ ಬದಲಿಸಿ ಮೂಲ ಎತ್ತರಕ್ಕೆ ತರುವುದು ರಿಪೇರಿ. ಅದಕ್ಕಿಂತ ಮೇಲೆ ಹೋಗುವುದಿದ್ದರೆ ಮೊದಲು ಆರ್‌ಟಿಒ ಕಚೇರಿಯಲ್ಲಿ ಮತ್ತು ಇನ್ಶೂರೆನ್ಸ್‌ನವರಲ್ಲಿ ಕೇಳಿ.

ನನ್ನ ಸಲಹೆ

ಮೊದಲು ಮೂಲ ಎತ್ತರಕ್ಕೆ ತನ್ನಿ, ಒಂದು ಹಂಗಾಮು ಓಡಿಸಿ ನೋಡಿ. ಗಾಡಿ ಎದ್ದಷ್ಟೂ ಭಾರ ಮೇಲೆ ಹೋಗುತ್ತದೆ. ಚಿಂಚೋಳಿಯ ಗುಡ್ಡದ ಅಡ್ಡ ಇಳಿಜಾರಿನಲ್ಲಿ, ಕಾಗಿಣಾ ದಂಡೆಯ ಕೊರಕಲಿನಲ್ಲಿ, ಚೀಲದ ಮೇಲೆ ಜನ ಕೂತಿದ್ದರೆ ಮಗುಚಲು ಬಹಳ ಹೊತ್ತು ಬೇಡ. ಇನ್ನು ಮಳೆ ಬಿದ್ದ ಎರೆಹೊಲದಲ್ಲಿ ಯಾವ ಲಿಫ್ಟೂ ನಡೆಯಲ್ಲ. ನೆಲ ಆರುವ ತನಕ ಗಾಡಿ ರಸ್ತೆ ಮೇಲೇ ಇರಲಿ, ಚೀಲ ಟ್ರ್ಯಾಕ್ಟರ್ ತರಲಿ.

ಈ ವಾರ ಗಾಡಿ ತೊಳೆದಾಗ ಪಟ್ಟಾದ ಎರಡೂ ಬದಿ ಫೋಟೋ ತೆಗೆದು, ದೊಡ್ಡದು ಮಾಡಿ ನೋಡ್ರಿ. ಬಿರುಕು ಕಂಡರೆ ರಾಶಿ ಶುರುವಾಗುವ ಮೊದಲೇ ಬಿಚ್ಚಿಸಿ.