ಬೈರಮಂಗಲದಲ್ಲಿ ಭಾನುವಾರದ ‘ಹಾವಿನ ಪೇಪರ್’

ನಾವು ಆರು ಜನ. ಬಿಇ ಓದುವವರು ಮೂವರು, ನರ್ಸಿಂಗ್ ಓದುವವಳೊಬ್ಬಳು, ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿರುವವರು ಇಬ್ಬರು. ಭಾನುವಾರ ಸಂಜೆ ಬೈರಮಂಗಲದಲ್ಲಿ ಒಬ್ಬರ ಮನೆ ಜಗಲಿ ಮೇಲೆ ಸೇರಿ ಒಂದು ಸಂಶೋಧನಾ ಪ್ರಬಂಧ ಓದುತ್ತೇವೆ. ವಿಷಯ ವೈಲ್ಡರ್‌ನೆಸ್ ಮೆಡಿಸಿನ್, ಅಂದರೆ ಆಸ್ಪತ್ರೆ ಕೈಗೆಟುಕದ ಕಡೆ ಜೀವ ಉಳಿಸುವ ವಿದ್ಯೆ.

ಕೇಳಿದವರು ನಗುತ್ತಾರೆ. ‘ಇಲ್ಲೆಲ್ಲಿದೆಯಪ್ಪ ಕಾಡು? ಪಕ್ಕದಲ್ಲೇ ಬಿಡದಿ, ಹೆದ್ದಾರಿ ಹತ್ತಿದರೆ ಬೆಂಗಳೂರು. ಇರುವ ಕೆರೆಯಲ್ಲೂ ವೃಷಭಾವತಿಯ ನೊರೆ!’ ನಿಜ. ಆದರೆ ಈ ವಿದ್ಯೆ ದೂರವನ್ನು ಕಿಲೋಮೀಟರಿನಲ್ಲಿ ಮಾತ್ರ ಅಳೆಯುವುದಿಲ್ಲ, ಚಿಕಿತ್ಸೆ ಸಿಗಲು ಎಷ್ಟು ಹೊತ್ತಾಗುತ್ತದೆ ಎಂದೂ ಕೇಳುತ್ತದೆ. ನಡುರಾತ್ರಿ ತ್ರೀ ಫೇಸ್ ಕರೆಂಟ್ ಬಂತೆಂದು ಮೋಟರ್ ಹಾಕಲು ಹೋದವನಿಗೆ ನಮ್ಮ ತೋಟವೂ ಕಾಡೇ.

ಮೂರು ವರ್ಷದ ಹಿಂದೆ ನನ್ನ ಚಿಕ್ಕಪ್ಪನಿಗೆ ಹಿಪ್ಪುನೇರಳೆ ತೋಟದಲ್ಲಿ ಕೊಳಕುಮಂಡಲ ಕಚ್ಚಿತು. ಕಾಲಿಗೆ ಹಗ್ಗ ಬಿಗಿದು, ಪಕ್ಕದೂರಿನ ನಾಟಿ ಔಷಧಿ ಮುಗಿಸಿ, ಕಾರು ಹುಡುಕಿ ಆಸ್ಪತ್ರೆ ಸೇರುವ ಹೊತ್ತಿಗೆ ನಾಲ್ಕು ಗಂಟೆ ದಾಟಿತ್ತು. ಜೀವ ಉಳಿಯಿತು, ಕಿಡ್ನಿ ಪೂರ್ತಿ ಸುಧಾರಿಸಲಿಲ್ಲ. ಹಾಗಾಗಿ ನಮ್ಮ ಮೊದಲ ಪೇಪರ್‌ಗಳೆಲ್ಲ ಹಾವಿನವೇ. ಊರಲ್ಲಿ ನಮಗೆ ‘ಹಾವಿನ ಪೇಪರ್‌ನವರು’ ಎಂದೇ ಹೆಸರು.

ಹೀಗೆ ಕೂಡಿ ಓದುವುದು ಹೊಸತೇನಲ್ಲ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಆಸ್ಲರ್ ಎಂಬ ವೈದ್ಯರು 1875ರಲ್ಲೇ ಜರ್ನಲ್ ಕ್ಲಬ್ ಶುರು ಮಾಡಿದ್ದರು. ನಿಯಮ ಸರಳ: ಒಬ್ಬರು ಪೇಪರ್ ವಿವರಿಸಬೇಕು, ಉಳಿದವರು ನಂಬದೆ ಪ್ರಶ್ನೆ ಕೇಳಬೇಕು. ನಂಬದಿರುವುದು ನಮಗೆ ಸುಲಭವಾಗಿ ಬಂತು, ವಿವರಿಸುವುದಕ್ಕೆ ತಿಂಗಳುಗಳೇ ಬೇಕಾದವು.

2020ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ, ವರ್ಷಕ್ಕೆ ಸರಾಸರಿ 58 ಸಾವಿರ. ಆಸ್ಪತ್ರೆ ದಾಖಲೆ ಎಣಿಸಿದ್ದರೆ ಈ ಸಂಖ್ಯೆ ಸಿಗುತ್ತಿರಲಿಲ್ಲ, ಏಕೆಂದರೆ ಬಹಳಷ್ಟು ಜನ ಸತ್ತದ್ದು ಮನೆಯಲ್ಲಿ. ಸಾವಾದ ಮನೆಗಳಿಗೇ ಹೋಗಿ ಏನಾಯಿತೆಂದು ಕೇಳಿ ಲೆಕ್ಕ ಹಾಕಿದ್ದಾರೆ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿದ್ದು ಯಾಕೆಂದು ಅವತ್ತು ಅರ್ಥವಾಯಿತು.

ಪ್ರಥಮ ಚಿಕಿತ್ಸೆಯ ಪೇಪರ್ ಓದಿದ ದಿನ ಗಲಾಟೆಯೇ ಆಯಿತು. ಕಚ್ಚಿದ ಕೈಯನ್ನೋ ಕಾಲನ್ನೋ ಉದ್ದಕ್ಕೂ ಬ್ಯಾಂಡೇಜಿನಿಂದ ಒತ್ತಿ ಸುತ್ತಿ, ಅಲುಗಾಡದಂತೆ ಮಾಡುವ ವಿಧಾನವನ್ನು ಆಸ್ಟ್ರೇಲಿಯಾದ ಸ್ಟ್ರುವಾನ್ ಸದರ್‌ಲ್ಯಾಂಡ್ 1979ರಲ್ಲಿ ಪ್ರಕಟಿಸಿದ್ದರು. ನಮ್ಮಲ್ಲೊಬ್ಬ ‘ಇದನ್ನೇ ಊರವರಿಗೆ ಕಲಿಸೋಣ’ ಎಂದ. ನರ್ಸಿಂಗ್ ಗೆಳತಿ ತಡೆದಳು. ಅದು ಅಲ್ಲಿನ, ನರಗಳಿಗೆ ವಿಷವೇರಿಸುವ ಹಾವುಗಳಿಗೆ ಹೇಳಿದ್ದು. ನಮ್ಮ ಕೊಳಕುಮಂಡಲ ಕಚ್ಚಿದ ಜಾಗದ ಮಾಂಸವನ್ನೇ ಹಾಳುಮಾಡುತ್ತದೆ, ವಿಷವನ್ನು ಅಲ್ಲೇ ಒತ್ತಿಹಿಡಿದರೆ ಹಾನಿ ಹೆಚ್ಚಬಹುದು. ಪೇಪರ್ ಸರಿಯಾಗಿದ್ದರೂ ಹಾವು ಬೇರೆ! ನಮಗೆ ಉಳಿದ ಪಾಠ ಇಷ್ಟೇ: ಕಟ್ಟಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ. ಉಂಗುರ, ಕಾಲುಂಗುರ ತೆಗೆದು, ಅಲುಗಾಡಿಸದೆ, ಬೇಗ ಹೊರಡಿ.

ಬೇಗ ಅಂದರೆ ಹೇಗೆ? ಇಲ್ಲಿ ನಮಗೆ ಸಿಕ್ಕಿದ್ದು ನೇಪಾಳದ ಪೇಪರ್. ಓದಿದ್ದರಲ್ಲೆಲ್ಲ ನನಗೆ ಹೆಚ್ಚು ಇಷ್ಟವಾದದ್ದು ಅದೇ. ಆಗ್ನೇಯ ನೇಪಾಳದ ಹಳ್ಳಿಗಳಲ್ಲಿ ಬೈಕ್ ಇರುವ ಸ್ವಯಂಸೇವಕರ ಪಟ್ಟಿ ಮಾಡಿದರು. ಹಾವು ಕಚ್ಚಿದವನನ್ನು ಸವಾರ ಮತ್ತು ಹಿಂದೆ ಕೂತ ಇನ್ನೊಬ್ಬನ ನಡುವೆ ಕೂರಿಸಿಕೊಂಡು ನೇರ ಚಿಕಿತ್ಸಾ ಕೇಂದ್ರಕ್ಕೆ. ಜೊತೆಗೆ ಜನರಿಗೆ ತಿಳಿವಳಿಕೆ. 2013ರಲ್ಲಿ ಪ್ರಕಟವಾದ ಫಲಿತಾಂಶ: ಕಚ್ಚಿಸಿಕೊಂಡವರಲ್ಲಿ ಸಾವಿನ ಪ್ರಮಾಣ ಶೇ 10.5ರಿಂದ ಶೇ 0.5ಕ್ಕೆ ಇಳಿದಿತ್ತು. ಹೊಸ ಔಷಧಿ ಇಲ್ಲ, ಯಂತ್ರವಿಲ್ಲ. ಆ್ಯಪ್ ಮಾಡೋಣ, ಸೆನ್ಸರ್ ಮಾಡೋಣ ಎನ್ನುತ್ತಿದ್ದ ನಾವು ಮೂವರು ಬಿಇಗಳು ಸ್ವಲ್ಪ ಹೊತ್ತು ಸುಮ್ಮನಾದೆವು.

ಆಮೇಲೆ ಜಗಳ. ಬೈಕ್ ಕೆಲಸ ಮಾಡಿತೋ, ತಿಳಿವಳಿಕೆ ಕೆಲಸ ಮಾಡಿತೋ? ಎರಡನ್ನೂ ಒಟ್ಟಿಗೆ ಮಾಡಿದ್ದರಿಂದ ಬಿಡಿಸಿ ಹೇಳುವುದು ಕಷ್ಟ. ಕಟ್ಟುಹಾವು ಕಚ್ಚಿ ಉಸಿರಾಟ ನಿಲ್ಲುವ ಸ್ಥಿತಿಯಲ್ಲಿರುವವನಿಗೆ ಬೈಕ್ ಸಾಕೇ? ಸಾಲದು, ಉಸಿರಾಟಕ್ಕೆ ನೆರವು ಕೊಡುವ ಆಂಬುಲೆನ್ಸ್ ಬೇಕು. ಮೂರು ಭಾನುವಾರ ಇದೇ ಆಯಿತು. ‘ಇದನ್ನು ರೆಸ್ಯೂಮೆಯಲ್ಲಿ ಹಾಕಬಹುದಾ?’ ಎಂದು ಕೆಲಸ ಹುಡುಕುತ್ತಿರುವ ಗೆಳೆಯ ಮಧ್ಯೆ ಕೇಳಿದ. ಧಾರಾಳವಾಗಿ ಹಾಕಬಹುದು. ಒಂದು ಪೇಪರ್ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂದು ಐದು ನಿಮಿಷದಲ್ಲಿ ಹೇಳಬಲ್ಲವನಿಗೆ ಇಂಟರ್‌ವ್ಯೂ ಅಷ್ಟು ಭಯವಾಗದು.

ಈಗ ಹಾಲಿನ ಡೇರಿ ಗೋಡೆಯ ಮೇಲೆ ಒಂದು ಹಾಳೆ ಇದೆ. ಎಲ್ಲಕ್ಕಿಂತ ಮೇಲೆ 108. ಅದರ ಕೆಳಗೆ ಬೈಕ್ ಇರುವ ನಾಲ್ವರ ನಂಬರ್. ಕೊನೆಗೆ ಪ್ರತಿವಿಷ ಎಲ್ಲಿ ಸಿಗುತ್ತದೆ ಎಂಬ ಸಾಲು. ಅದನ್ನು ತಿಂಗಳಿಗೊಮ್ಮೆ ಫೋನ್ ಮಾಡಿ ಕೇಳಿ ತಿದ್ದುತ್ತೇವೆ. ಕಳೆದ ಮಳೆಗಾಲದಲ್ಲಿ ಒಂದೇ ಕರೆ ಬಂತು. ಹುಡುಗನೊಬ್ಬನನ್ನು ರಾತ್ರೋರಾತ್ರಿ ಕರೆದೊಯ್ದೆವು. ಕಚ್ಚಿದ್ದು ಕೇರೆಹಾವಂತೆ. ಬೆಳಗಿನವರೆಗೆ ನೋಡಿಕೊಂಡು ಕಳಿಸಿದರು. ಮನೆಯಿಂದ ಹೊರಟು ಆಸ್ಪತ್ರೆ ಬಾಗಿಲು ಮುಟ್ಟಲು ಹಿಡಿದದ್ದು 35 ನಿಮಿಷ ಎಂದು ಚಿಕ್ಕಪ್ಪನಿಗೆ ಹೇಳಿದೆ. ಅವರು ಇನ್ನೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡರು.

ತೊಂದರೆ ಈಗ ಬೇರೆ. ಆ ನಾಲ್ವರಲ್ಲಿ ಇಬ್ಬರಿಗೆ ಪ್ಲೇಸ್‌ಮೆಂಟ್ ಆಗಿದೆ, ಜುಲೈಗೆ ಊರು ಬಿಡುತ್ತಾರೆ. ಪಿಯುಸಿ ಹುಡುಗರನ್ನು ಸೇರಿಸಿಕೊಂಡಿದ್ದೇವೆ. ಸದ್ಯ ಹಿಂದೆ ಕೂತು ಹಿಡಿದುಕೊಳ್ಳುವುದನ್ನು ಕಲಿಯುತ್ತಿದ್ದಾರೆ. ಹ್ಯಾಂಡಲ್ ಹಿಡಿಯಲು ಲೈಸೆನ್ಸ್ ಬರಬೇಕು.