ಚುಕ್ಕಿಗಳಲ್ಲಿ ಮೂಡಿದ ಅಕ್ಷರಗಳು

ಆರ್ಕನ್ಸಾ ಪ್ರಾಂತದ ವಸ್ತುಸಂಗ್ರಹಾಲಯವೊಂದಕ್ಕಾಗಿ ಉಕ್ಕಿನಲ್ಲಿ ಕಾಡುಹಂದಿಯನ್ನು ರೂಪಿಸುತ್ತಿದ್ದ ಕಲಾವಿದೆಯೊಬ್ಬರಿಗೆ ಗಣಕಯಂತ್ರದ ಕಂಪನಿಯಿಂದ ಕರೆ ಬಂದಿತೆಂದರೆ ಯಾರಿಗಾದರೂ ಸೋಜಿಗವೆನಿಸೀತು. ಆಕೆಯ ಹೆಸರು ಸೂಸನ್ ಕೇರ್. ಲಲಿತಕಲೆಯಲ್ಲಿ ಡಾಕ್ಟರೇಟ್ ಪಡೆದಿದ್ದರೇನೋ ನಿಜ; ಆದರೆ ಗಣಕಯಂತ್ರದ ಪರಿಚಯವಾಗಲಿ, ಅಕ್ಷರ ವಿನ್ಯಾಸದ ಅನುಭವವಾಗಲಿ ಇರಲಿಲ್ಲ. ಶಾಲೆಯ ದಿನಗಳ ಗೆಳೆಯ ಆ್ಯಂಡಿ ಹರ್ಟ್ಸ್‌ಫೆಲ್ಡ್ ಆ್ಯಪಲ್ ಕಂಪನಿಯಲ್ಲಿದ್ದರು. ಸಣ್ಣ ಚೌಕಗಳುಳ್ಳ ಗ್ರಾಫ್ ಪುಸ್ತಕವೊಂದನ್ನು ಕೊಂಡು ಚೌಕಗಳನ್ನು ತುಂಬುತ್ತ ಚಿತ್ರ ಬರೆಯಿರೆಂದು ಅವರೇ ಸಲಹೆಯಿತ್ತರು. ಒಂದು ಚೌಕವೆಂದರೆ ಯಂತ್ರದ ತೆರೆಯ ಮೇಲೆ ಒಂದು ಚುಕ್ಕಿ.

1984ರ ಜನವರಿ 24ರಂದು ಹೊರಬಂದ ಮ್ಯಾಕಿಂಟೋಷ್ ಯಂತ್ರದ ತೆರೆಯಲ್ಲಿದ್ದುದು ಅಡ್ಡಲಾಗಿ 512, ನೆಟ್ಟಗೆ 342, ಅಂತೂ 1,75,104 ಚುಕ್ಕಿಗಳು. ಪ್ರತಿಯೊಂದೂ ಕಪ್ಪು, ಇಲ್ಲವೇ ಬಿಳಿ, ನಡುವಣ ಬಣ್ಣವೆಂಬುದಿಲ್ಲ. ಇಂಥ ತೆರೆಯ ಮೇಲೆ ಓರೆಗೆರೆಯನ್ನೆಳೆದರೆ ಅದು ಮೆಟ್ಟಿಲಾಗುತ್ತದೆ. ವೃತ್ತವನ್ನು ಬರೆದರೆ ಹಲ್ಲುಹಲ್ಲಾಗುತ್ತದೆ. ಸೂಸನ್ ಈ ಕೊರತೆಯೊಡನೆ ಕಾದಾಡಲಿಲ್ಲ. ‘ಷಿಕಾಗೋ’ ಎಂಬ ತಮ್ಮ ಅಕ್ಷರಮಾಲೆಯಲ್ಲಿ ನೆಟ್ಟಗೆರೆ, ಅಡ್ಡಗೆರೆ, ಸರಿಯಾಗಿ 45 ಅಂಶದ ಓರೆಗೆರೆ, ಇಷ್ಟನ್ನೇ ನೆಚ್ಚಿದರು. ನೆಟ್ಟಗೆರೆಗಳಿಗೆ ಎರಡು ಚುಕ್ಕಿಗಳ ದಪ್ಪ ಕೊಟ್ಟರು. ಈ ದಪ್ಪದಿಂದ ಇನ್ನೊಂದು ಲಾಭವೂ ಆಯಿತು: ಸದ್ಯಕ್ಕೆ ಬಳಸಲಾಗದ ಆಜ್ಞೆಗಳನ್ನು ಮಸುಕಾಗಿ ತೋರಿಸಲು ಒಂದು ಬಿಟ್ಟು ಒಂದು ಚುಕ್ಕಿಯನ್ನು ಅಳಿಸಿದರೂ ಅಕ್ಷರ ಓದಲು ಬರುತ್ತಿತ್ತು! ಬಡವನ ಮನೆಯಲ್ಲಿ ಒಂದೇ ಪಾತ್ರೆ ಹತ್ತು ಕೆಲಸಕ್ಕೆ ಒದಗುವಂತೆ.

ಅದಕ್ಕೂ ಮಿಗಿಲಾದ ಹೆಜ್ಜೆ ಅಕ್ಷರಗಳ ಅಗಲದ್ದು. ಬೆರಳಚ್ಚು ಯಂತ್ರದಂತೆ ಅಂದಿನ ಬಹುತೇಕ ಗಣಕಗಳೂ ‘ಐ’ಗೂ ‘ಎಮ್’ಗೂ ಒಂದೇ ಅಗಲದ ಪೀಠವನ್ನು ಹಾಕುತ್ತಿದ್ದವು. ಮ್ಯಾಕಿಂಟೋಷಿನಲ್ಲಿ ಅಚ್ಚುಮೊಳೆಗಳಂತೆ ಪ್ರತಿ ಅಕ್ಷರಕ್ಕೂ ಅದರದೇ ಅಗಲ ದೊರೆಯಿತು.

ಹೆಸರಿಡುವ ಪ್ರಸಂಗವೂ ಸ್ವಾರಸ್ಯಕರವಾದುದು. ಫಿಲಡೆಲ್ಫಿಯಾದ ರೈಲುಮಾರ್ಗದ ಓವರ್‌ಬ್ರೂಕ್, ಮೆರಿಯನ್, ಆರ್ಡ್‌ಮೋರ್ ಮುಂತಾದ ಸಣ್ಣ ನಿಲ್ದಾಣಗಳ ಹೆಸರುಗಳನ್ನು ಗೆಳೆಯರಿಬ್ಬರೂ ಮೊದಲು ಆರಿಸಿದ್ದರು. ಯಾರೂ ಕೇಳದ ಊರುಗಳೇಕೆ, ಜಗತ್ಪ್ರಸಿದ್ಧ ನಗರಗಳಿರಲಿ ಎಂದು ಸ್ಟೀವ್ ಜಾಬ್ಸ್ ಪಟ್ಟುಹಿಡಿದರು. ಹೀಗೆ ಷಿಕಾಗೋ, ಜಿನೀವಾ, ಮೊನಾಕೋಗಳು ಬಂದವು.

ಚುಕ್ಕಿಯ ಈ ಕಲೆ ಮೊಸಾಯಿಕ್ ಮತ್ತು ಕಸೂತಿ ಕೆಲಸಗಳಿಗೆ ಹತ್ತಿರದ್ದೆಂದು ಸೂಸನ್ ಹೇಳಿದ್ದುಂಟು. ಧಾರವಾಡದ ಕಡೆಯ ಹೆಣ್ಣುಮಕ್ಕಳು ಇದನ್ನು ಕೂಡಲೇ ಒಪ್ಪಿಯಾರು. ಬಟ್ಟೆಯ ಮೇಲೆ ಗೆರೆಯೆಳೆಯದೆ, ಎಳೆ ಎಣಿಸಿ, ಮುರ್ಗಿ ಹೊಲಿಗೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಗೋಪುರವನ್ನೆಬ್ಬಿಸುವವರಿಗೆ ಗ್ರಾಫ್ ಕಾಗದದ ಗುಟ್ಟನ್ನು ಹೇಳಿಕೊಡಬೇಕೆ?

ಇದಕ್ಕೂ ಹಿಂದೆ, 1970ರ ದಶಕದ ಆಟದ ಯಂತ್ರಗಳಲ್ಲಿ ಸೆರೆ ಇನ್ನೂ ಬಿಗಿಯಾಗಿತ್ತು. ಎಂಟಕ್ಕೆ ಎಂಟರ ಮನೆಯಲ್ಲಿ ಒಂದು ಸಾಲು, ಒಂದು ಕಂಬವನ್ನು ನೆರೆಯಕ್ಷರದಿಂದ ದೂರವಿರಲು ಖಾಲಿ ಬಿಟ್ಟರೆ ಉಳಿಯುವುದು ಏಳಕ್ಕೆ ಏಳು. 1980ರ ‘ಪ್ಯಾಕ್‌ಮ್ಯಾನ್’ ಆಟದ ಅಂಕಗಳು ಮಿನುಗಿದ್ದು ಇಂಥ ಅಕ್ಷರಗಳಲ್ಲೇ.

ಮುಂದೆ ಬಾಹ್ಯರೇಖೆಯನ್ನು ಗಣಿತದಿಂದ ವಿವರಿಸುವ ಅಕ್ಷರಗಳು ಬಂದವು, ತೆರೆಗಳು ನವಿರಾದವು, ಚುಕ್ಕಿಯಕ್ಷರದ ಕಾಲ ತೀರಿತೆನಿಸಿತು. ತೀರಲಿಲ್ಲ. 2001ರಲ್ಲಿ ಬಂದ ಐಪಾಡ್ ಎಂಬ ಸಂಗೀತಯಂತ್ರದ ಪುಟ್ಟ ತೆರೆಗೆ ಷಿಕಾಗೋ ಮರಳಿ ಬಂದಿತು. ಬ್ರಾಟಿಸ್ಲಾವಾದಲ್ಲಿ ಹುಟ್ಟಿ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ ಜುಜಾನಾ ಲಿಚ್ಕೊ 1985ರಲ್ಲಿ ರಚಿಸಿದ ಒರಟು ಅಕ್ಷರಗಳು ‘ಲೋ-ರೆಸ್’ ಎಂಬ ಹೆಸರಿನಿಂದ 2001ರಲ್ಲಿ ಒಟ್ಟಾಗಿ ಪ್ರಕಟವಾದವು. ಹಳೆಯ ಆಟಗಳ ಅಕ್ಷರವನ್ನನುಕರಿಸುವ ‘ಪ್ರೆಸ್ ಸ್ಟಾರ್ಟ್ 2ಪಿ’ ಇಂದು ಯಾರಿಗೂ ಉಚಿತವಾಗಿ ಸಿಗುತ್ತದೆ. ಇವನ್ನು ಬಳಸುವವರು ಮರೆಯುವ ನಿಯಮವೊಂದಿದೆ: ಎಂಟು ಚುಕ್ಕಿಯ ಅಕ್ಷರವನ್ನು ಹದಿನಾರಕ್ಕೋ ಇಪ್ಪತ್ತನಾಲ್ಕಕ್ಕೋ ಹಿಗ್ಗಿಸಬಹುದು, ಹನ್ನೊಂದಕ್ಕೆ ಹಿಗ್ಗಿಸಿದರೆ ಚುಕ್ಕಿಯು ಚುಕ್ಕಿಯ ಮೇಲೆ ಕೂರದೆ ಅಂಚು ಕಲಸಿಹೋಗುತ್ತದೆ. ಶೀರ್ಷಿಕೆಗೆ ಚೆಂದ, ನಾಲ್ಕು ಪುಟ ಓದಲು ಶಿಕ್ಷೆ.

ರೋಮನ್ ಲಿಪಿಗೆ ಏಳು ಸಾಲು ಸಾಕಾದದ್ದು ಅದರ ಭಾಗ್ಯ. ಕನ್ನಡದ ದುಂಡು ಮೈಗೆ, ಕೆಳಗಿಳಿಯುವ ಒತ್ತುಗಳಿಗೆ, ಮೇಲೇರುವ ಗುಡಿಸಿಗೆ ಅದು ಸಾಲದು. ‘ಸ್ತ್ರೀ’ ಎಂಬ ಒಂದೇ ಅಕ್ಷರವನ್ನು ಗ್ರಾಫ್ ಕಾಗದದ ಮೇಲೆ ಬರೆದು ನೋಡಿದರೆ ತೊಡಕು ತಿಳಿಯುತ್ತದೆ. ಹದಿನಾರು ಸಾಲುಗಳಿದ್ದರೂ ಇಕ್ಕಟ್ಟೇ. ಬಸ್ಸುಗಳ ಹಣೆಯ ಮೇಲೂ ರೈಲುನಿಲ್ದಾಣಗಳಲ್ಲೂ ಬೆಳಕಿನ ಚುಕ್ಕಿಗಳಲ್ಲಿ ಹರಿಯುವ ಕನ್ನಡವನ್ನು ರೂಪಿಸುವವರು ಎದುರಿಸುವ ಪ್ರಶ್ನೆ ಇದೇ: ಒತ್ತಿಗೆ ಸಾಲು ಬಿಟ್ಟರೆ ಮೂಲಾಕ್ಷರ ಕುಗ್ಗುತ್ತದೆ, ಬಿಡದಿದ್ದರೆ ಒತ್ತು ಬರಿಯ ಮಸಿಯ ಕಲೆಯಾಗುತ್ತದೆ. ‘ಪ’ ‘ಷ’ಗಳ ವ್ಯತ್ಯಾಸವೆಲ್ಲ ಹೊಟ್ಟೆಯೊಳಗಿನ ಒಂದು ಗೆರೆ. ಮಹಾಪ್ರಾಣದ ಸೀಳಿಗೆ ಸಣ್ಣ ಅಳತೆಯಲ್ಲಿ ದಕ್ಕುವುದು ಒಂದೇ ಚುಕ್ಕಿ. ಅದೊಂದು ಆರಿಹೋದರೆ ‘ಧನ’ವಿದ್ದದ್ದು ‘ದನ’ವಾಗಿ ಹೋಗುತ್ತದೆ.